ಪುಕ್ಕಲಕ್ಕ ಮತ್ತು ವಠಾರದ ಸಂಪು

ಹೆದರಿಕೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಮದುವೆಗೆ ಮುಂಚೆ ಬಟ್ಟೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕತ್ತಲಲ್ಲಿ ಒಬ್ಬಳೇ ಮನೆಗೆ ನಡೆದು ಬರುತ್ತಿದ್ದವಳು. ದಾರಿಯಲ್ಲಿ ಬೀದಿನಾಯಿ ಅಡ್ಡ ನಿಂತರೆ ನಾಯಿಯೇ ಸರಿಯಬೇಕಿತ್ತು, ಅಂಥ ಗಟ್ಟಿಗಿತ್ತಿ. ಹೆದರಿಕೆ ಬಂದದ್ದು ಮಗನ ಜೊತೆಗೆ. ಅದೂ ಅವನು ಹುಟ್ಟಿದ ದಿನ ಅಲ್ಲ, ನಡೆದ ದಿನ. ಮಂಚದ ಕಾಲು ಹಿಡಿದು ನಿಂತಿದ್ದ ಗುಂಡ ಕೈ ಬಿಟ್ಟ, ನಾಲ್ಕೇ ಹಲ್ಲಿನ ಬಾಯಲ್ಲಿ ಅಮ್ಮನತ್ತ ನಕ್ಕ, ಆಮೇಲೆ ಸೀದಾ ಒಲೆಯ ಕಡೆಗೆ ಹೆಜ್ಜೆ ಹಾಕಿದ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವನ ಕೈ ಪಾತ್ರೆಯ ಅಂಚಿಗೆ ತಾಗುವುದಕ್ಕೂ ಅವಳು ಅವನ ಅಂಗಿ ಹಿಡಿದು ಎಳೆಯುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟೇ ಜಾಗ ಇತ್ತು.

ಅವತ್ತಿನಿಂದ ಮನೆಯ ಸಾಮಾನುಗಳೆಲ್ಲ ಅವಳಿಗೆ ಹಲ್ಲು ಕಿರಿಯತೊಡಗಿದವು. ನಿನ್ನೆಯವರೆಗೆ ತೆಪ್ಪಗಿದ್ದ ಕತ್ತರಿ, ಗೋಡೆಯ ಮೇಲೆ ಸಡಿಲಾಗಿ ನೇತಾಡುವ ವೈರು, ಬಚ್ಚಲಿನ ಬಕೆಟ್ಟು, ಮಗನ ಬಾಯಿಗೆ ಸರಿಯಾಗಿ ಹೊಂದುವ ಅಂಗಿಯ ಗುಂಡಿ, ಯಾವುದನ್ನು ನೋಡಿದರೂ ಎದೆ ಹಾರುತ್ತಿತ್ತು.

ಇದ್ದದ್ದೇ ಒಂದು ಕೋಣೆ. ಅದರ ಹಿಂದೆ, ಎರಡು ಕೈ ಚಾಚಿದರೆ ಎರಡೂ ಗೋಡೆಗೆ ತಾಗುವಷ್ಟು ಅಡುಗೆಮನೆ. ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ. ಕಾರ್ಖಾನೆಯವರು ಅಂಗಿಯ ಕಾಲರುಗಳನ್ನು ಕತ್ತರಿಸಿ ಮೂಟೆ ಕಟ್ಟಿ ಕಳಿಸುತ್ತಿದ್ದರು. ಇವಳು ಮನೆಯಲ್ಲಿ ಕೂತು ಹೊಲಿದು ಹಿಂದಕ್ಕೆ ಕೊಡಬೇಕು. ಗಂಡ ಸರಕು ವ್ಯಾನಿನ ಡ್ರೈವರ್. ಕೋಳಿ ಕೂಗುವ ಮುಂಚೆ ಹೋದರೆ ಊರು ಊಟಕ್ಕೆ ಕೂತ ಮೇಲೆ ಬರುವವನು. ಯಂತ್ರ ತುಳಿಯುತ್ತ ಕೂತವಳ ಕಣ್ಣು ಸೂಜಿಯ ಮೇಲೆ ಇರಬೇಕು, ಮಗನ ಮೇಲೂ ಇರಬೇಕು. ದೇವರು ಕೊಟ್ಟದ್ದು ಎರಡು ಕಣ್ಣು, ಆದರೆ ಎರಡೂ ಒಂದೇ ಕಡೆ ನೋಡುತ್ತವಲ್ಲ! ಅದಕ್ಕೆ ಅವಳು ಹಳೇ ಬಟ್ಟೆಯನ್ನು ಅಗಲವಾಗಿ ಮಡಿಸಿ ಹೊಲಿದು ಪಟ್ಟಿ ಮಾಡಿ, ಒಂದು ತುದಿಯನ್ನು ಗುಂಡನ ಸೊಂಟಕ್ಕೂ ಇನ್ನೊಂದನ್ನು ಮಂಚದ ಕಾಲಿಗೂ ಕಟ್ಟಿದಳು.

ವಠಾರಕ್ಕೆ ಅಷ್ಟು ಸಾಕಾಯಿತು. ವಠಾರ ಅಂದರೆ ನಡುವೆ ಒಂದು ಅಂಗಳ, ಸುತ್ತ ಆರೇಳು ಸಂಸಾರ, ಎಲ್ಲರ ಮಾತೂ ಎಲ್ಲರ ಕಿವಿಗೆ.

"ಅಯ್ಯೋ, ಮಗೂನ ಕರು ಕಟ್ಟಿದ ಹಾಗೆ ಕಟ್ಟಿದಾಳಲ್ಲಮ್ಮಾ!" ಎಂದು ಮೊದಲು ರಾಗ ಎಳೆದವರು ಓನರಮ್ಮ. ವಠಾರ ಅವರದ್ದು, ಗಂಡ ಹೋದ ಮೇಲೆ ಮುಂದಿನ ದೊಡ್ಡ ಮನೆಯಲ್ಲಿ ಕೂತು ಇಡೀ ವಠಾರವನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಹೆಂಗಸು. ದನಿ ಎಂಥದ್ದೆಂದರೆ, ಅವರು ಇಲ್ಲಿ ಕೆಮ್ಮಿದರೆ ಆಚೆ ಬೀದಿಯಲ್ಲಿ ಯಾರಾದರೂ "ಏನಮ್ಮಾ?" ಅನ್ನಬೇಕು. "ಇಷ್ಟೊಂದು ಪುಕ್ಕಲು ಆದ್ರೆ ಹೇಗೇ ನೀನು? ನಾವೂ ಮಕ್ಕಳನ್ನ ಸಾಕಿಲ್ವಾ? ಬಿದ್ದು ಎದ್ದೇ ಬೆಳೀಬೇಕು ಮಕ್ಕಳು."

ಅವತ್ತಿನಿಂದ ಅವಳು ಎಲ್ಲರ ಬಾಯಲ್ಲಿ ಪುಕ್ಕಲಕ್ಕ ಆದಳು. ಎದುರಿಗೇ ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು. ಅಲ್ಲ ಎನ್ನುವುದಕ್ಕೆ ಬಾಯಿ ಎಲ್ಲಿತ್ತು?

ಅವಳ ಭಯಗಳಿಗೆಲ್ಲ ಒಡೆಯನ ಹಾಗೆ ಅಂಗಳದ ನಡುವೆ ಸಂಪು ಇತ್ತು. ನೆಲದೊಳಗೆ ಒಂದು ಕೋಣೆಯಷ್ಟು ದೊಡ್ಡ ನೀರಿನ ತೊಟ್ಟಿ. ಮೇಲೆ ಕಾಣುವುದು ಒಬ್ಬ ಮನುಷ್ಯ ಇಳಿಯುವಷ್ಟು ಚೌಕದ ಬಾಯಿ ಮಾತ್ರ. ಅದರ ಕಲ್ಲಿನ ಮುಚ್ಚಳ ಹೋದ ಬೇಸಿಗೆಯಲ್ಲಿ ಒಡೆದು ಎರಡು ಹೋಳಾಗಿತ್ತು. ಆಗಿನಿಂದ ಒಂದು ತೆಳ್ಳನೆಯ ತಗಡು, ಅದು ಜಾರದ ಹಾಗೆ ಮೇಲೊಂದು ದಪ್ಪ ಕಲ್ಲು. ನೀರಿನ ಟ್ಯಾಂಕರಿನವನು ಬಂದಾಗ ಕಲ್ಲು ತೆಗೆದು, ತಗಡು ಸರಿಸಿ, ಪೈಪು ಇಳಿಬಿಟ್ಟು ನೀರು ತುಂಬುತ್ತಿದ್ದ. ಹೋಗುವಾಗ ತಗಡು ಎಳೆದು, ಮನಸ್ಸು ಬಂದರೆ ಕಲ್ಲು ಇಡುತ್ತಿದ್ದ.

ಕಲ್ಲು ಇಟ್ಟರೆ 'ದಬ್' ಅಂತ ಸದ್ದು ಬರುತ್ತಿತ್ತು. ಯಂತ್ರದ ಗಡಗಡ ಸದ್ದಿನ ನಡುವೆಯೂ ಪುಕ್ಕಲಕ್ಕನ ಕಿವಿ ಆ 'ದಬ್'ಗೆ ಕಾಯುತ್ತಿತ್ತು. ಬರದಿದ್ದರೆ ಎದ್ದು ಹೋಗಿ ತಾನೇ ಎತ್ತಿಡುವಳು. ಓನರಮ್ಮನಿಗೆ ಎಷ್ಟು ಸಲ ಹೇಳಿದ್ದಳೋ ಅವಳಿಗೇ ನೆನಪಿಲ್ಲ.

"ಮಾಡಿಸ್ತೀನಿ ಕಣೇ. ಸಂಪು ಏನು ಎದ್ದು ಓಡಿ ಹೋಗುತ್ತಾ?"

"ಸಂಪು ಓಡಲ್ಲಮ್ಮಾ. ಮಕ್ಕಳು ಓಡ್ತಾರೆ."

"ನಾನು ಈ ಮನೆಗೆ ಸೊಸೆಯಾಗಿ ಬಂದಾಗಿಂದ ಇದೆ ಅದು. ಒಂದು ಬೆಕ್ಕೂ ಬಿದ್ದಿಲ್ಲ. ಅಪಶಕುನ ನುಡೀಬೇಡ, ಹೋಗು."

ಆ ವಾರ ಓನರಮ್ಮನ ಮಗಳು ತವರಿಗೆ ಬಂದಿದ್ದಳು, ಜೊತೆಯಲ್ಲಿ ಗುಬ್ಬಿ. ಎರಡು ತುಂಬಿ ಮೂರಕ್ಕೆ ನಡೆಯುತ್ತಿದ್ದ ಕೂಸು. ಮನೆಮಂದಿ ಇಟ್ಟ ಹೆಸರು ಏನೇ ಇರಲಿ, ಒಂದು ಕಡೆ ನಿಲ್ಲದೆ ಪುರ್ರನೆ ಹಾರಾಡುತ್ತಿದ್ದ ಅವಳಿಗೆ ಗುಬ್ಬಿ ಎಂಬ ಹೆಸರೇ ಅಂಟಿಕೊಂಡಿತ್ತು. ಕೈಯಲ್ಲಿ ಸದಾ ಒಂದು ಹಳದಿ ಪ್ಲಾಸ್ಟಿಕ್ ಮಗ್ಗು. ಸಿಕ್ಕಿದ ಕಡೆ ನೀರು ಮೊಗೆಯಬೇಕು, ಸಿಕ್ಕಿದವರ ಕಾಲಿಗೆ ಸುರಿಯಬೇಕು. ವಠಾರದ ಕೊನೇ ಮನೆಯ ಕಂಡಕ್ಟರ್ ತಾತನ ಚಪ್ಪಲಿ ಆ ವಾರವಿಡೀ ಒಣಗಲೇ ಇಲ್ಲ. ನಿವೃತ್ತ ಬಸ್ ಕಂಡಕ್ಟರ್ ಆತ. ಜಗಲಿಯಲ್ಲಿ ಕೂತು ಪೇಪರ್ ಓದುತ್ತ, "ಟಿಕೆಟ್ ತಗೊಂಡು ಮುಂದೆ ಹೋಗಮ್ಮಾ," ಎಂದು ಅವಳನ್ನು ನಗಿಸುತ್ತಿದ್ದ.

ಅವತ್ತು ತಾತನೊಬ್ಬನನ್ನು ಬಿಟ್ಟು ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಬಿಸಿಲು ಆಗತಾನೆ ಏರುತ್ತಿತ್ತು. ಟ್ಯಾಂಕರ್ ಬಂತು, ನೀರು ಧುಮುಕುವ ಸದ್ದು ಕೇಳಿತು, ನಿಂತಿತು. ತಗಡು ಎಳೆದ ಕರಕರ ಸದ್ದಾಯಿತು. ಟ್ಯಾಂಕರಿನ ಇಂಜಿನ್ ಗುಡುಗಿ ದೂರವಾಯಿತು.

'ದಬ್' ಬರಲಿಲ್ಲ.

ಪುಕ್ಕಲಕ್ಕನ ಕಾಲು ಯಂತ್ರದ ಮೇಲೆ ಒಂದು ಕ್ಷಣ ತಡೆಯಿತು. ಸೂಜಿಯ ಕೆಳಗೆ ಅರ್ಧ ಹೊಲಿದ ಕಾಲರ್ ಇತ್ತು; ನಡುವೆ ಬಿಟ್ಟರೆ ತುದಿ ಸೊಟ್ಟಗಾಗುತ್ತದೆ. ಇದೊಂದು ಮುಗಿಸಿ ಎದ್ದರಾಯಿತು ಅಂದುಕೊಂಡಳು. ಗುಂಡ ಮಂಚದ ಪಕ್ಕ ಕೂತು ಬಟ್ಟೆಚೂರುಗಳನ್ನು ಗುಡ್ಡೆ ಹಾಕಿ ಕೆಡವುತ್ತಿದ್ದ. ಕಾಲರಿನ ಮೂಲೆ ತಿರುಗಿಸಿದಳು.

ಆಗ ಕೇಳಿಸಿತು. 'ಟಣ್' ಎಂದು ತಗಡು ಬಾಗಿದ ಸದ್ದು. ಅದರ ಬೆನ್ನಿಗೇ ನೀರಿನಲ್ಲಿ ಏನೋ ಮೆತ್ತಗೆ ಬಿದ್ದ ಸದ್ದು, ಸೌಟು ಕೈಜಾರಿ ಸಾರಿನೊಳಗೆ ಬಿದ್ದ ಹಾಗೆ. ಕೂಗಿಲ್ಲ, ಅಳುವಿಲ್ಲ.

ಅವಳು ತಟ್ಟನೆ ತಿರುಗಿ ನೋಡಿದಳು. ಗುಂಡ ಅಲ್ಲೇ ಇದ್ದ. ಪಟ್ಟಿ ಅವನ ಸೊಂಟದಲ್ಲಿ, ಗಂಟು ಮಂಚದ ಕಾಲಿನಲ್ಲಿ. ಉಸ್ಸೆಂದು ಉಸಿರು ಬಿಟ್ಟಳು. ನನ್ನ ಮಗ ಅಲ್ಲ, ಅಲ್ಲ, ನನ್ನ ಮಗ ಅಲ್ಲ. ಆ ನೆಮ್ಮದಿ ಎಷ್ಟು ಸಿಹಿಯಾಗಿತ್ತೆಂದರೆ ಮುಂದೆ ಬಹಳ ದಿನ ಅದನ್ನು ನೆನೆದಾಗೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಮರುಕ್ಷಣ ಹೊಳೆಯಿತು: ಹಾಗಾದರೆ ಯಾರು?

ಹೊಸಿಲು ದಾಟಿ ಓಡಿದಳು. ತಗಡು ಒಂದು ಕಡೆ ತಗ್ಗಿ ಬಾಯಿ ಬಿಟ್ಟಿತ್ತು. ಸಂಪಿನ ಒಳಗೆ, ಅಂಚಿನವರೆಗೂ ತುಂಬಿ ಇನ್ನೂ ತೂಗಾಡುತ್ತಿದ್ದ ನೀರಿನ ಮೇಲೆ ಹಳದಿ ಮಗ್ಗು ತೇಲುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದಳು. ಸಣ್ಣಪುಟ್ಟದಕ್ಕೆಲ್ಲ "ಅಯ್ಯಯ್ಯೋ" ಎಂದು ವಠಾರವನ್ನೇ ಎಬ್ಬಿಸುತ್ತಿದ್ದವಳು. ಈಗ ಗಂಟಲಿನಿಂದ ಒಂದು ಎಳೆ ಸ್ವರವೂ ಹೊರಡಲಿಲ್ಲ. ಅಂಗಳದಲ್ಲಿ ನರಪಿಳ್ಳೆಯೂ ಇರಲಿಲ್ಲ. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿ ಸುಮ್ಮನಾಯಿತು. ಅವಳಿಗೆ ಈಜು ಬಾರದು. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳೇ ಅಲ್ಲ. ಹಿಂದಕ್ಕೆ ಓಡಿ ಯಾರನ್ನಾದರೂ ಕರೆದು ತರೋಣ ಎಂದು ಮನಸ್ಸು ಹೇಳಿತು. ಕಾಲು ಆಗಲೇ ಸಂಪಿನ ಒಳಗಿತ್ತು.

ತೊಳೆಯುವವರು ಇಳಿಯಲೆಂದು ಗೋಡೆಗೆ ಕಬ್ಬಿಣದ ಕಂಬಿಗಳನ್ನು ಮೆಟ್ಟಿಲಿನ ಹಾಗೆ ಹೂಳಿದ್ದರು. ತುಕ್ಕು ಹಿಡಿದು ಗರಗಸದಂತಾಗಿದ್ದ ಅವುಗಳ ಮೇಲೆ ಕಾಲಿಟ್ಟು ಇಳಿದಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು, ಗದ್ದ ಮುಟ್ಟಿತು. ತಣ್ಣನೆಯ ನೀರು ಪಕ್ಕೆಲುಬನ್ನು ಹಿಂಡಿತು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯನ್ನು ಕತ್ತಲೆಯೊಳಗೆ ಆಡಿಸಿದಳು. ಬರೀ ನೀರು. ಕಾಲು ಚಾಚಿದಳು. ಬರೀ ನೀರು. ಹೊರಗಿನಿಂದ ಚೌಕವಾಗಿ ಬೀಳುತ್ತಿದ್ದ ಬಿಸಿಲು ಮುಗಿದ ಕಡೆಯಿಂದ ಆಚೆ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಕಣ್ಣು ಬಿಗಿಯಾಗಿ ಮುಚ್ಚಿ ತಲೆಯನ್ನೇ ಮುಳುಗಿಸಿದಳು. ಕಿವಿಯೊಳಗೆ ನೀರು ಗುಂಯ್‌ಗುಟ್ಟಿತು. ಕಂಬಿ ಬಿಟ್ಟರೆ ತಾನು ಸತ್ತೆ ಎಂದು ಗೊತ್ತಿತ್ತು. ಆದರೂ ಹಿಡಿತ ಸಡಿಲಿಸಿ, ಬೆರಳ ತುದಿಯಲ್ಲಷ್ಟೇ ತೂಗಿ, ಕಾಲನ್ನು ಆದಷ್ಟು ದೂರ ಬೀಸಿದಳು. ಹೆಬ್ಬೆರಳಿಗೆ ಬಟ್ಟೆ ಸಿಕ್ಕಿತು.

ಕಾಲಿನಿಂದ ಎಳೆದದ್ದು, ಫ್ರಾಕು ಮುಷ್ಟಿಗೆ ಸಿಕ್ಕಿದ್ದು, ಮೇಲೆ ಬಂದದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ಗಾಳಿಗೆ ಬಾಯಿ ಬಂದ ಕೂಡಲೇ ಗಂಟಲು ಕಟ್ಟೆಯೊಡೆಯಿತು. ಆ ಕಿರುಚಾಟಕ್ಕೆ, ಮನೆಯೊಳಗೆ ಕೂತು ಓದುತ್ತಿದ್ದ ಕಂಡಕ್ಟರ್ ತಾತ ಪೇಪರ್ ಎಸೆದು ಬರಿಗಾಲಲ್ಲಿ ಓಡಿ ಬಂದ. ಅವಳು ಕೆಳಗಿನಿಂದ ಎತ್ತಿ ಕೊಟ್ಟಳು, ಅವನು ಮೇಲಿನಿಂದ ಎಳೆದುಕೊಂಡ. ನೆಲದ ಮೇಲೆ ಮಲಗಿಸಿದಾಗ ಗುಬ್ಬಿಯ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಎದೆ ಏಳುತ್ತಿರಲಿಲ್ಲ.

"ಉಸಿರಿಲ್ಲ ಕಣಮ್ಮಾ," ಎಂದ ತಾತ. ಜೇಬಿನಿಂದ ತೆಗೆದ ಫೋನ್ ಎರಡು ಸಲ ಕೈಜಾರಿತು. ಆಂಬುಲೆನ್ಸಿನ ನಂಬರ್ ಒತ್ತಿ ಸ್ಪೀಕರ್ ಹಾಕಿ ನೆಲದ ಮೇಲಿಟ್ಟ.

ಅಷ್ಟರಲ್ಲಿ ಓನರಮ್ಮ ಬಂದರು. ಹಿಂದೆಯೇ ಅರ್ಧ ಬಾಚಿದ ತಲೆಯಲ್ಲಿ ಮಗಳು. ಮಗುವನ್ನು ಕಂಡವಳೇ ಗೋಡೆಗೆ ಒರಗಿ ಕುಸಿದು ಕೂತಳು. ಓನರಮ್ಮ ಮೊಮ್ಮಗಳ ಕಾಲಿಗೆ ಕೈ ಹಾಕಿದರು. "ತಲೆಕೆಳಗೆ ಹಿಡೀರೋ! ಸುತ್ತಿಸ್ರೋ! ನೀರು ಹೊರಗೆ ಬರ್ಲಿ!"

"ಬೇಡ," ಎಂದಿತು ಫೋನು. ಒಬ್ಬ ಹೆಣ್ಣುಮಗಳ ದನಿ, ಅವಸರವಿಲ್ಲದ್ದು. "ತಲೆಕೆಳಗೆ ಮಾಡ್ಬೇಡಿ. ಹೊಟ್ಟೆ ಒತ್ತಬೇಡಿ. ಗಾಡಿ ಹೊರಟಿದೆ. ಅಲ್ಲೀವರೆಗೆ ನಾನು ಹೇಳಿದ ಹಾಗೆ ಮಾಡಿ. ಮಗುವಿನ ಪಕ್ಕ ಯಾರಿದೀರಾ?"

ಮೈಯಿಂದ ನೀರು ಸುರಿಸುತ್ತ ಮಂಡಿಯೂರಿದ್ದವಳು, "ನಾನು," ಎಂದಳು.

"ಅಂಗಾತ ಮಲಗಿಸಿ. ಹಣೆ ಹಿಡಿದು ತಲೆ ಸ್ವಲ್ಪ ಹಿಂದಕ್ಕೆ, ಗದ್ದ ಮೇಲಕ್ಕೆ. ಮೂಗು ಹಿಡ್ಕೊಳ್ಳಿ. ಬಾಯಿಗೆ ಬಾಯಿ ಇಟ್ಟು ಮೆತ್ತಗೆ ಊದಿ. ಎದೆ ಏಳೋದನ್ನ ನೋಡಿ."

ಊದಿದಳು. ತಣ್ಣನೆಯ ಪುಟ್ಟ ಬಾಯಿ, ಸಂಪಿನ ನೀರಿನ ಕೆಸರು ವಾಸನೆ. ಎದೆ ಎದ್ದಿತು, ಇಳಿಯಿತು. ಅವಳು ಕೊಟ್ಟ ಗಾಳಿ ಅಷ್ಟೆ, ಮಗುವಿನದ್ದಲ್ಲ.

"ಇನ್ನೂ ನಾಲ್ಕು ಸಲ. ಈಗ ಎದೆ ನಡುವೆ ಅಂಗೈ ಇಡಿ. ಜೋರಾಗಿ, ಬೇಗ ಬೇಗ ಒತ್ತಿ. ಮೂವತ್ತು ಸಲ. ಆಮೇಲೆ ಎರಡು ಊದೋದು. ಪಕ್ಕದಲ್ಲಿರೋರು ಎಣಿಸಿ."

ತಾತ ಎಣಿಸಿದ. ಜೀವಮಾನವಿಡೀ ತುಂಬಿದ ಬಸ್ಸಿನಲ್ಲಿ ಕೂಗಿದ ಗಂಟಲು. ಒಡೆದು ಒಡೆದು ಬರುತ್ತಿದ್ದರೂ ಒಂದು ಅಂಕಿ ತಪ್ಪಲಿಲ್ಲ. ಅಂಗೈ ಕೆಳಗೆ ಎಲುಬು ಹಂಚಿಕಡ್ಡಿಯ ಹಾಗೆ ಬಾಗುವುದು ಪುಕ್ಕಲಕ್ಕನಿಗೆ ತಿಳಿಯುತ್ತಿತ್ತು.

"ಎದೆ ಮುರೀತಾಳೆ! ನನ್ನ ಮೊಮ್ಮಗಳ ಎದೆ ಮುರೀತಾಳೆ ಇವಳು!" ಓನರಮ್ಮ ಅವಳ ಭುಜ ಹಿಡಿದು ಎಳೆದರು.

"ಸುಮ್ನಿರಮ್ಮಾ!" ಎಂದು ತಾತ ಗದರಿದ. ಇಡೀ ವಠಾರದಲ್ಲಿ ಓನರಮ್ಮನನ್ನು ಯಾರಾದರೂ ಗದರಿದ್ದು ಅದೇ ಮೊದಲು.

"ನಿಲ್ಲಿಸ್ಬೇಡಿ," ಎಂದಿತು ಫೋನು. "ಸರಿಯಾಗೇ ಮಾಡ್ತಿದೀರಾ ಅಕ್ಕಾ. ನಾನು ಇಲ್ಲೇ ಇದೀನಿ."

ಎಷ್ಟು ಹೊತ್ತು ಆಯಿತೋ. ತೋಳು ಸೋತುಹೋಯಿತು. ಮುಖ ನೋಡಬಾರದು ಅಂದುಕೊಂಡು ಫ್ರಾಕಿನ ಮೇಲಿದ್ದ ಒಂದು ಕಿತ್ತ ಹೊಲಿಗೆಯನ್ನೇ ನೋಡುತ್ತ ಒತ್ತಿದಳು. ಮತ್ತೆ ಬಾಯಿಗೆ ಬಾಯಿ ಇಡಲು ಬಾಗಿದಾಗ ಗುಬ್ಬಿಯ ಗಂಟಲಲ್ಲಿ ಏನೋ ಗೊಳಕ್ಕೆಂದಿತು. ಪಕ್ಕಕ್ಕೆ ಹೊರಳಿಸಿದಳು. ನೀರು, ಬೆಳಗ್ಗೆ ತಿಂದದ್ದು, ಮತ್ತೆ ನೀರು. ಆಮೇಲೆ ಕೆಮ್ಮು. ಆಮೇಲೆ ಬೆಕ್ಕಿನ ಮರಿ ದೂರದಲ್ಲೆಲ್ಲೋ ಅತ್ತ ಹಾಗೆ ಒಂದು ಸಣ್ಣ ಅಳು.

ಗೋಡೆಗೆ ಒರಗಿದ್ದ ತಾಯಿ ತೆವಳಿಕೊಂಡು ಬಂದಳು.

ಆಂಬುಲೆನ್ಸ್ ಬಂತು. ಮಗುವಿನ ಹಿಂದೆಯೇ ಓನರಮ್ಮ ಹತ್ತಿದರು. ಹತ್ತುವಾಗ ಗುಬ್ಬಿಯ ತಾಯಿ ಪುಕ್ಕಲಕ್ಕನ ಒದ್ದೆ ತೋಳನ್ನು ಉಗುರು ಊರುವ ಹಾಗೆ ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲು ಆಗಲಿಲ್ಲ, ಅವಳೂ ಹತ್ತಿದಳು. ಗಾಡಿ ಮುಖ್ಯರಸ್ತೆಗೆ ಬಿದ್ದ ಮೇಲೆ ಮೈಯೊಳಗೆ ಮಿಂಚು ಹೊಡೆದ ಹಾಗಾಯಿತು. ಗುಂಡ! ಮಂಚಕ್ಕೆ ಕಟ್ಟಿಹಾಕಿದ ಮಗು, ತೆರೆದ ಬಾಗಿಲು, ಯಂತ್ರದ ಅಂಚಿನಲ್ಲಿ ಬಿಟ್ಟು ಬಂದ ಕತ್ತರಿ. ಅವನು ಪಟ್ಟಿ ಎಳೆದಾಡಿ, ಯಂತ್ರ ಅಲುಗಾಡಿ, ಕತ್ತರಿ ಜಾರಿ... "ನಿಲ್ಲಿಸಿ! ನನ್ನ ಮಗ!" ಎಂದು ಎದ್ದು ನಿಂತಳು. ಓನರಮ್ಮನ ಮಗಳ ಫೋನಿನಿಂದ ತಾತನಿಗೆ ಕರೆ ಮಾಡುವಷ್ಟರಲ್ಲಿ ಅವಳ ಹಲ್ಲು ಕಟಕಟ ಕಡಿಯುತ್ತಿದ್ದವು.

"ನನ್ನ ತೊಡೆ ಮೇಲೆ ಇದಾನೆ ಕಣಮ್ಮಾ," ಎಂದ ತಾತ. "ಕನ್ನಡಕ ಕಿತ್ಕೊಂಡು ನೆಕ್ತಾ ಇದಾನೆ. ಕತ್ತರಿ ಅಟ್ಟದ ಮೇಲೆ ಹಾಕಿದೀನಿ. ನೀನು ಆ ಕಡೆ ನೋಡ್ಕೋ."

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಉಸಿರು ಬಂದ ಮಾತ್ರಕ್ಕೆ ಗೆದ್ದಂತಲ್ಲ, ಶ್ವಾಸಕೋಶಕ್ಕೆ ಹೋದ ನೀರು ನಿಧಾನವಾಗಿ ತೊಂದರೆ ಕೊಡಬಹುದು, ಮಿದುಳಿಗೆ ಗಾಳಿ ಸಿಗದೆ ಎಷ್ಟು ಹೊತ್ತು ಆಗಿತ್ತೋ ಎಚ್ಚರವಾದ ಮೇಲೆಯೇ ಗೊತ್ತಾಗಬೇಕು, ಎಂದರು ಡಾಕ್ಟರ್. ಆ ಮಾತು ಕೇಳಿ ಮೂರು ಹೆಂಗಸರೂ ಬೆಂಚಿನ ಮೇಲೆ ಕಲ್ಲಾಗಿ ಕೂತರು. ಬಾಗಿಲು ತೆರೆದಾಗೆಲ್ಲ ಮೂರು ತಲೆ ಒಟ್ಟಿಗೆ ಎದ್ದು, ಒಟ್ಟಿಗೆ ತಗ್ಗುತ್ತಿದ್ದವು.

"ನಾನು ತಲೆ ಬಾಚ್ಕೊಳ್ತಿದ್ದೆ," ಎಂದಳು ಮಗಳು, ಯಾರೂ ಕೇಳದಿದ್ದರೂ. "ಬರೀ ತಲೆ ಬಾಚ್ಕೊಳ್ತಿದ್ದೆ. ಇಲ್ಲೇ ಕಾಲ ಹತ್ರ ಇದ್ಲು."

"ನಾನು ಅನ್ನಕ್ಕಿಟ್ಟಿದ್ದೆ," ಎಂದರು ಓನರಮ್ಮ. ಅವರ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣದಾಗಿತ್ತು. "ನಿನ್ನ ಜೊತೆ ಇದಾಳೆ ಅಂತ ನಾನು, ನನ್ನ ಜೊತೆ ಇದಾಳೆ ಅಂತ ನೀನು." ಆಮೇಲೆ ಪುಕ್ಕಲಕ್ಕನ ಕಡೆ ತಿರುಗಿ, "ಅಪಶಕುನ ನುಡೀಬೇಡ ಅಂದಿದ್ದೆ ನಿಂಗೆ," ಎಂದರು. ಕೆಳತುಟಿ ಮಗುವಿನ ತುಟಿಯ ಹಾಗೆ ನಡುಗಿತು.

ಪುಕ್ಕಲಕ್ಕನ ಬಾಯಿಗೆ ಮಾತು ಬಂದಿತ್ತು. 'ಹೇಳಿರಲಿಲ್ವಾ ನಾನು?' ಎನ್ನುವ ಮಾತು. ಕೋಪವೂ ಇತ್ತು, ಇಲ್ಲದೆ ಏನು? ಆದರೆ ಅರ್ಧ ಹೊಲಿದ ಕಾಲರ್ ಕಣ್ಣ ಮುಂದೆ ಬಂತು. ಮಾತು ನುಂಗಿದಳು.

ಹತ್ತಿರದಲ್ಲೇ ಔಷಧಿಯ ಗಾಡಿ ತಳ್ಳುತ್ತಿದ್ದ ನರ್ಸಮ್ಮ ನಿಂತರು. ವಯಸ್ಸಾದ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ. "ಇಲ್ಲಿಗೆ ಬರೋ ತಾಯಂದಿರೆಲ್ಲ ಇದೇ ಹೇಳ್ತಾರೆ," ಎಂದರು. "ಒಲೆ ಮುಂದಿದ್ದೆ, ಸ್ನಾನಕ್ಕೆ ಹೋಗಿದ್ದೆ, ಈಗ ತಾನೇ ನೋಡಿದ್ದೆ. ಕಣ್ಣು ಅಂದ್ಮೇಲೆ ರೆಪ್ಪೆ ಹೊಡೀದೆ ಇರುತ್ತಾ? ಆ ತೊಟ್ಟಿಗೆ ಮುಚ್ಚಳ ಇತ್ತಾ?"

"ತಗಡು ಇತ್ತು."

"ತಗಡು ಮುಚ್ಚಳ ಅಲ್ಲ ತಾಯಿ. ಮಗು ಮೇಲೆ ನಿಂತು ಕುಣಿದ್ರೂ ಕದಲಬಾರದು, ಅದಕ್ಕೆ ಮುಚ್ಚಳ ಅಂತಾರೆ." ಇಷ್ಟು ಹೇಳಿ ಗಾಡಿ ತಳ್ಳಿಕೊಂಡು ಹೋದರು.

ಗಂಡ ವ್ಯಾನನ್ನು ಹೇಗೆ ಓಡಿಸಿಕೊಂಡು ಬಂದನೋ, ಸಂಜೆ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಒಂದು ತೋಳಿನಲ್ಲಿ ಗುಂಡ, ಇನ್ನೊಂದರಲ್ಲಿ ಒಣ ಬಟ್ಟೆಯ ಚೀಲ. "ಸಂಪಿಗೆ ಇಳಿದ್ಯಂತೆ?" ಎಂದ. "ನೀನಾ?" ಅವಳು ತಲೆಯಾಡಿಸಿದಳು. ಮಗನನ್ನು ಎದೆಗೆ ಅವಚಿಕೊಂಡ ಮೇಲೆ ಬಂತು ನೋಡಿ ನಡುಕ. ನೀರಿನಲ್ಲಿ ಬರದಿದ್ದ ನಡುಕ, ಮಗು ಕೆಮ್ಮುವ ತನಕ ಬರದಿದ್ದ ನಡುಕ, ಎಲ್ಲ ಸೇರಿ ಬಡ್ಡಿ ಸಮೇತ ಬಂತು. ಗಂಡ ಅವಳನ್ನು ಹಿಡಿದು ಕೂರಿಸಬೇಕಾಯಿತು. ಕಬ್ಬಿಣದ ಕಂಬಿ ಅಂಗೈಯನ್ನು ಸೀಳಿದ್ದು ಅವಳಿಗೆ ಕಂಡದ್ದೂ ಆಗಲೇ.

ಮಾರನೆಯ ದಿನ ಗುಬ್ಬಿ ಕಣ್ಣು ಬಿಟ್ಟಳು. ಬಿಟ್ಟವಳು ಯಾರ ಮುಖವನ್ನೂ ನೋಡದೆ ಸೂರನ್ನೇ ನೋಡುತ್ತಿದ್ದಳು. ತಾಯಿ ಕರೆದರೂ ತಿರುಗಲಿಲ್ಲ. ಅಜ್ಜಿ ಕರೆದರೂ ತಿರುಗಲಿಲ್ಲ. ಆ ಹೊತ್ತು ಓನರಮ್ಮನ ಮುಖ ನೋಡಿದವರು ಮರೆಯಲಾರರು. ಮಧ್ಯಾಹ್ನದ ಮೇಲೆ ಕಂಡಕ್ಟರ್ ತಾತ ನೋಡಲು ಬಂದ. ಹಾಸಿಗೆಯ ಪಕ್ಕ ನಿಂತು, "ಟಿಕೆಟ್, ಟಿಕೆಟ್," ಎಂದ. ಗುಬ್ಬಿಯ ಕಣ್ಣು ಮೆಲ್ಲಗೆ ಸೂರಿನಿಂದ ಇಳಿದು ಅವನ ಮೇಲೆ ನಿಂತಿತು. ಆಮೇಲೆ ಹಾಸಿಗೆಯಿಂದ ಬಾಗಿ ಅವನ ಕಾಲಿನ ಕಡೆ ನೋಡಿದಳು, ಚಪ್ಪಲಿ ಹಾಕಿದ್ದಾನೋ ಇಲ್ಲವೋ ಎಂದು.

ಆ ವಾರ ಕಳೆಯುವ ಮುಂಚೆ ಅವಳು ಮನೆಗೆ ಬಂದಳು. ಅದಕ್ಕೂ ಮುಂಚೆ ಸಂಪಿಗೆ ಮುಚ್ಚಳ ಬಂದಿತ್ತು. ವೆಲ್ಡಿಂಗಿನವನನ್ನು ಓನರಮ್ಮ ಅಂಗಡಿಯಿಂದಲೇ ಎಬ್ಬಿಸಿಕೊಂಡು ಬಂದು, ದಪ್ಪ ಕಬ್ಬಿಣದ ಬಾಗಿಲು, ತಿರುಗಣಿ, ಬೀಗ ಎಲ್ಲ ಕೂರಿಸಿ, ಕೊನೆಗೆ ತಾವೇ ಅದರ ಮೇಲೆ ಹತ್ತಿ ನಿಂತು ಕುಣಿದು ನೋಡಿದರು. ವಠಾರದವರು ನಗಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಪುಕ್ಕಲಕ್ಕನ ಬಾಗಿಲಿಗೆ ಬಂದು ನಿಂತರು. "ನಿಂಗೆ ಇನ್ನೂ ಏನೇನು ಕಂಡ್ರೆ ಭಯ ಆಗುತ್ತೆ? ಹೇಳು. ಎಲ್ಲಾ ಹೇಳು."

ಅವಳಿಗೆ ನಾಚಿಕೆಯಾಯಿತು. "ಬಿಡಿ ಅಮ್ಮಾ, ನಾನೊಬ್ಬಳು ಪುಕ್ಕಲು."

"ಪುಕ್ಕಲೂ ಇಲ್ಲ, ಪಕ್ಕೆಲುಬೂ ಇಲ್ಲ. ಏಳು. ತೋರ್ಸು."

ತೋರಿಸಿದಳು. ಮೊದಮೊದಲು ತಡವರಿಸಿ, ಆಮೇಲೆ ಸರಾಗವಾಗಿ. ಮಹಡಿಯ ಮೆಟ್ಟಿಲಿಗೆ ಕಟಕಟೆ ಇರಲಿಲ್ಲ. ಎರಡು ಮನೆಗಳಲ್ಲಿ ಒಲೆ ನೆಲದ ಮೇಲಿತ್ತು. ತಾತನ ಮಂಚದ ಕೆಳಗೆ ಕಿತ್ತಳೆ ಶರಬತ್ತಿನ ಬಾಟಲಿಯಲ್ಲಿ ಸೀಮೆಎಣ್ಣೆ ಇತ್ತು. "ಅದು ಸೀಮೆಎಣ್ಣೆ ಅಂತ ನಂಗೊತ್ತಲ್ಲ!" ಎಂದ ತಾತ. "ನಿಮಗೆ ಗೊತ್ತು, ಬಾಟಲಿಗೆ ಗೊತ್ತಾ? ಗುಂಡನಿಗೆ ಗೊತ್ತಾ?" ಎಂದಳು. ತಾತ ಅದನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಲ್ಲವೂ ಒಂದೇ ದಿನ ಸರಿಹೋಗಲಿಲ್ಲ. ಒಲೆ ಕಟ್ಟೆಗೆ ಏರಲು ಒಂದು ಮನೆಯವರು ತಿಂಗಳು ಸತಾಯಿಸಿದರು. ಆದರೆ ಬೆಳಗಿನ ಹೊತ್ತು, ಹೆಂಗಸರ ಕೈ ಬಿಡುವಿಲ್ಲದ ಹೊತ್ತು, ಮಕ್ಕಳೆಲ್ಲ ತಾತನ ಜಗಲಿಯಲ್ಲಿ ಸೇರುವುದೆಂದೂ ಸರದಿಯಂತೆ ಒಬ್ಬರು ಬೇರೆ ಕೆಲಸ ಮುಟ್ಟದೆ ಅವರ ಜೊತೆ ಕೂರುವುದೆಂದೂ ಆಯಿತು. ಬಟ್ಟೆಯ ಪಟ್ಟಿಯನ್ನು ಬಿಚ್ಚಿ ಅವಳು ಮೂಟೆ ಕಟ್ಟಲು ಬಳಸಿಬಿಟ್ಟಳು.

ಹೆದರಿಕೆ ಹೋಯಿತೇ ಅಂದರೆ, ಇಲ್ಲ. ಈಗಲೂ ಯಂತ್ರ ತುಳಿಯುವಾಗ ಕಿವಿಯಲ್ಲಿ ಇದ್ದಕ್ಕಿದ್ದಂತೆ 'ಟಣ್' ಅನ್ನುತ್ತಿತ್ತು. ಎದ್ದು ಹೋಗಿ ಮುಚ್ಚಳ ಅಲುಗಾಡಿಸಿ ಬಂದು ಕೂರುವಳು.

ಆಚೆ ಬೀದಿಯಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಪಾಯಕ್ಕೆಂದು ತೋಡಿದ ಗುಂಡಿಯಲ್ಲಿ ಮಳೆನೀರು ನಿಂತು ಹಸಿರಾಗಿದೆ ಎಂದು ಪುಕ್ಕಲಕ್ಕ ಒಂದು ದಿನ ಬಾಯಿಬಿಟ್ಟಳು. ಅಷ್ಟೇ ಸಾಕಾಯಿತು, ಓನರಮ್ಮ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿಕೊಂಡು ಹೊರಟರು. ಅವಳೂ ಹಿಂದೆ ಹೋದಳು. ಗುಂಡಿಯ ಪಕ್ಕ ಕುರ್ಚಿ ಹಾಕಿ ಕೂತು, "ಇದಕ್ಕೆ ಬೇಲಿ ಹಾಕೋವರೆಗೂ ಏಳಲ್ಲ," ಎಂದರು.

ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ಬಂದ. ಎತ್ತರದ ಆಳು, ಮುಖವೆಲ್ಲ ಸಿಮೆಂಟಿನ ಧೂಳು. "ಏನಮ್ಮಾ ನಿಮ್ಮ ರಗಳೆ? ಕೆಲಸದ ಜಾಗ ಇದು. ಯಾವ ಮಗು ಬರುತ್ತೆ ಇಲ್ಲಿಗೆ?"

ಪುಕ್ಕಲಕ್ಕನಿಗೆ ಮೇಸ್ತ್ರಿಯನ್ನು ಕಂಡರೂ ಭಯ. ಓನರಮ್ಮನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವನ ಮುಖ ನೋಡಲಾರದೆ ಕಣ್ಣನ್ನು ಆ ಕಡೆ ಈ ಕಡೆ ಹೊರಳಿಸಿದಳು. ಗುಂಡಿಯ ಆಚೆ ದಡದಲ್ಲಿ ಮರಳಿನ ರಾಶಿ ಇತ್ತು. ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ತನ್ನ ಕೂಸನ್ನು ಅದರ ಮೇಲೆ ಕೂರಿಸಿ ಹೋಗಿದ್ದಳು. ಕೂಸು ಮರಳಿನಿಂದ ಜಾರಿ, ಅಂಬೆಗಾಲಿಕ್ಕುತ್ತ ನೀರಿನ ಕಡೆಗೆ ಬರುತ್ತಿತ್ತು.

"ಅಲ್ಲಿ!" ಎಂದು ಕಿರುಚಿದಳು.

ಮೇಸ್ತ್ರಿ ತಿರುಗಿದ. ಅವನ ಮುಖದ ಗತ್ತು ಧೂಳಿನ ಕೆಳಗೇ ಇಂಗಿಹೋಯಿತು. ಗುಂಡಿಯ ಅಂಚಿನಲ್ಲಿ ಜಾರುತ್ತ ಎಡವುತ್ತ ಓಡಿ, ಕೂಸಿನ ಕೈ ಹಸಿ ಮಣ್ಣಿನ ಅಂಚಿಗೆ ಬರುವಷ್ಟರಲ್ಲಿ ಸೊಂಟ ಹಿಡಿದು ಎತ್ತಿದ. ಅಂಚಿನ ಮಣ್ಣು ಕಳಚಿ ಬುಳಕ್ಕೆಂದು ನೀರಿಗೆ ಬಿತ್ತು. ಇಟ್ಟಿಗೆಯ ತಟ್ಟೆಯನ್ನು ಅಲ್ಲೇ ಎಸೆದು ತಾಯಿ ಓಡಿಬಂದಳು.

ಸಂಜೆಯ ಹೊತ್ತಿಗೆ ಗುಂಡಿಯ ಸುತ್ತ ಬೊಂಬು ನೆಟ್ಟು ಹಲಗೆ ಹೊಡೆದರು. ಮೊದಲ ಗೂಟ ಹೊಡೆದವನು ಮೇಸ್ತ್ರಿಯೇ. ಓನರಮ್ಮ ಹೇಳಿದ ಮಾತಿಗೆ ತಪ್ಪದೆ ಅಲ್ಲಿಯವರೆಗೂ ಕುರ್ಚಿಯಿಂದ ಏಳಲಿಲ್ಲ. ಪುಕ್ಕಲಕ್ಕ ಆ ತಾಯಿಯ ಪಕ್ಕ ಮರಳಿನ ಮೇಲೆ ಕೂತು, ಕೊನೆಯ ಹಲಗೆ ಹೊಡೆಯುವ ತನಕ ಅವಳ ಕೈ ಹಿಡಿದುಕೊಂಡಿದ್ದಳು.